ಹಳೆಯ ಚೀಟಿ ಕೀಳಬಾರದು

ನಮ್ಮ ಮನೆಯ ಗೇಟಿನ ಹಲಗೆಯಲ್ಲಿ ನನ್ನ ಹೆಸರಿಲ್ಲ. ಎಂ.ಸಿ.ಸಿ. ಬಡಾವಣೆಗೆ ನಾವು ಬಂದ ದಿನದಿಂದಲೂ ಅಲ್ಲಿರುವುದು ಒಂದೇ ಹೆಸರು: ಶ್ರೀಮತಿ ಸರ್ವಮಂಗಳಾ, ಎಂ.ಎಸ್ಸಿ., ಸಸ್ಯಶಾಸ್ತ್ರ ಅಧ್ಯಾಪಕಿ. ಆ ಮನೆಯೊಳಗೆ ನಾನೂ ಇರುತ್ತೇನೆಂಬುದು ಬೀದಿಯವರಿಗೆ ಗೊತ್ತಿತ್ತು. ಗೊತ್ತಿರುವುದನ್ನೇ ಮತ್ತೆ ಬರೆಸಿ ಪೇಂಟು ಹಾಳುಮಾಡುವುದೇಕೆಂದು ಸುಮ್ಮನಿದ್ದೆ. ನನ್ನಂಥ ಹತ್ತಿ ದಲಾಲಿ ಅಂಗಡಿಯ ಗುಮಾಸ್ತನಿಗೂ ಒಂದು ಹಲಗೆ ಬೇಕೆಂದು ಊರಿನಲ್ಲಿ ಯಾರೂ ಚಳವಳಿ ಹೂಡಿರಲಿಲ್ಲ.

ಈಗ ಸರ್ವಮಂಗಳಾ ಇಲ್ಲ. ಹೋದ ವರ್ಷ ಶ್ರಾವಣದಲ್ಲಿ ಜ್ವರವೆಂದು ಮಲಗಿದವಳು ಏಳಲಿಲ್ಲ. ಶಿವಗಣಾರಾಧನೆಯ ಊಟದ ಎಲೆ ಎತ್ತುವ ಮೊದಲೇ ಅವಳ ತಮ್ಮ ಬಸಣ್ಣ ಗೇಟಿನ ಕಡೆ ನೋಡಿ, “ಭಾವ, ಆ ಬೋರ್ಡ್ ತೆಗಿಸಿಬಿಡ್ರಿ. ನೋಡಿದೋರಿಗೆ ಒಂಥರಾ ಆಗತೈತೆ,” ಎಂದ. ಒಂಥರಾ ಎಂದರೆ ಯಾವ ಥರಾ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅದಕ್ಕೂ ಅವನ ಹತ್ತಿರ ಉತ್ತರವಿರುತ್ತಿತ್ತು. ಬಸಣ್ಣನಿಗೆ ಪಿ.ಜೆ. ಬಡಾವಣೆಯಲ್ಲಿ ನಲ್ಲಿ, ಪೈಪು, ತೊಟ್ಟಿಗಳ ಅಂಗಡಿಯಿದೆ. ಎಲ್ಲಿ ಏನು ಕಟ್ಟಿಕೊಂಡರೂ ತಡಮಾಡದೆ ತೆರವು ಮಾಡಿಸಬೇಕೆಂಬುದು ಅವನ ಜೀವನದರ್ಶನ.

ತೆಗೆಯುವ ವಿಷಯದಲ್ಲಿ ನಮ್ಮ ಜನ ಬಹಳ ಚುರುಕು. ಹಿಂದೆ ರೇಷನ್ ಕಾರ್ಡಿಗೆ ಅವಳ ಹೆಸರು ಸೇರಿಸಲು ನಾನು ಅಲೆದ ಅಲೆತಕ್ಕೆ ಎರಡು ಜೊತೆ ಚಪ್ಪಲಿ ಸವೆದಿದ್ದವು. ತೆಗೆಸಬೇಕೆಂದು ಹೋದಾಗ ಮಾತ್ರ ಗುಮಾಸ್ತರು ಕುರ್ಚಿಯಿಂದ ಏಳದೆ ಕೆಲಸ ಮುಗಿಸಿದರು. ಕೆಂಪು ಶಾಯಿಯ ಗೆರೆ ಸೊಟ್ಟಗಾಗದಿರಲೆಂದು ಸ್ಕೇಲು ಇಟ್ಟು ಎಳೆದರು. ಸರ್ಕಾರಿ ಕಚೇರಿಯಲ್ಲಿ ಅಷ್ಟು ಅಚ್ಚುಕಟ್ಟುತನವನ್ನು ನಾನು ಕಂಡದ್ದು ಅದೇ ಮೊದಲು.

ಸತ್ತವರ ಹೆಸರಿಗೆ ಇದಕ್ಕಿಂತ ಹೆಚ್ಚು ಮರ್ಯಾದೆ ಇರುವ ಒಂದು ಜಾಗ ನನಗೆ ಗೊತ್ತು. ಸರ್ವಮಂಗಳಾ ಪಾಠ ಹೇಳುತ್ತಿದ್ದ ಕಾಲೇಜಿನ ಹರ್ಬೇರಿಯಂ ಅದು. ಗಿಡಗಳನ್ನು ಒತ್ತಿ, ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಬೀರುಗಳಲ್ಲಿ ಜೋಡಿಸಿಟ್ಟಿರುವ ಕೋಣೆ. ಮಹಾರಾಜರ ಕಾಲದಲ್ಲಿ ಯಾರೋ ಅರಣ್ಯಾಧಿಕಾರಿ ಶುರುಮಾಡಿದ್ದಂತೆ. ಆಮೇಲೆ ಬಂದವರೆಲ್ಲ ತಮ್ಮ ತಮ್ಮ ಪಾಲಿನ ಒಣ ಸೊಪ್ಪನ್ನು ಸೇರಿಸುತ್ತ ಹೋಗಿದ್ದಾರೆ. ಬಾಗಿಲು ತೆಗೆದರೆ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯುತ್ತದೆ. ಅವಳ ಸೀರೆಗಳಿಂದ ಆ ವಾಸನೆ ಇವತ್ತಿಗೂ ಹೋಗಿಲ್ಲ. ಮಲ್ಲಿಗೆ, ಸಂಪಿಗೆ ಎಂದು ಹೆಂಡತಿಯ ನೆನಪು ಮಾಡಿಕೊಳ್ಳುವವರನ್ನು ಕಂಡಿದ್ದೇನೆ. ನನ್ನ ಪಾಲಿಗೆ ಬಂದದ್ದು ನುಸಿಗುಳಿಗೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಅವಳು ಕಾಲೇಜು ಮೆಟ್ಟಿಲು ಹತ್ತಿದ್ದೇ ಮದುವೆಯಾದ ಮೇಲೆ. ‘ಹೆಂಡತಿಯನ್ನು ಓದಿಸಿದ ದೊಡ್ಡ ಮನುಷ್ಯ’ ಎಂದು ನನ್ನನ್ನು ಹೊಗಳುವವರು ಈಗಲೂ ಇದ್ದಾರೆ. ಪರೀಕ್ಷೆ ಬರೆದವಳು ಅವಳು. ಮನೆಯಲ್ಲಿ ಅಡ್ಡ ಬೀಳದೆ ಇದ್ದುದಕ್ಕೇ ಗಂಡಸನ್ನು ದೊಡ್ಡ ಮನುಷ್ಯ ಮಾಡುವ ಸಮಾಜ ನಮ್ಮದು. ದೊಡ್ಡತನ ಇಷ್ಟು ಅಗ್ಗಕ್ಕೆ ಬೇರೆಲ್ಲೂ ಸಿಗುವುದಿಲ್ಲ. ನಾನು ನಿಜವಾಗಿ ಮಾಡಿದ ಸೇವೆ ಬೇರೆ. ಭಾನುವಾರ ಅವಳ ಜೊತೆ ಹೋಗಿ ಮೈದಾಹಿಟ್ಟಿನ ಅಂಟು ಕಾಸಿ, ಹುಳ ಹಿಡಿಯದಂತೆ ಮೈಲುತುತ್ತ ಬೆರೆಸಿ, ಅವಳು ಬರೆದುಕೊಟ್ಟ ಚೀಟಿಗಳನ್ನು ಹಾಳೆಯ ಮೂಲೆಗೆ ಹಚ್ಚುತ್ತಿದ್ದೆ. ವಿಜ್ಞಾನಕ್ಕೆ ನನ್ನ ಕೊಡುಗೆ ಒಂದು ಬಟ್ಟಲು ಗಂಜಿ.

ಅಲ್ಲಿಯ ಒಂದು ಪದ್ಧತಿ ನನಗೆ ಬಹಳ ಹಿಡಿಸಿತ್ತು. ಗಿಡದ ಹೆಸರು ಬದಲಾದರೆ ಹಳೆಯ ಚೀಟಿಯನ್ನು ಕೀಳುವಂತಿಲ್ಲ, ಗೀಟು ಹೊಡೆಯುವಂತಿಲ್ಲ. ಪಕ್ಕದಲ್ಲಿ ಇನ್ನೊಂದು ಚೀಟಿ ಹಚ್ಚಿ, ಹೊಸ ಹೆಸರನ್ನೂ ಅದನ್ನು ಕೊಟ್ಟವರು ಯಾರೆಂಬುದನ್ನೂ ಬರೆಯಬೇಕು. ಮೊದಲಿನವರು ತಪ್ಪಿದ್ದರೂ ಆ ತಪ್ಪು ಅವರ ಕೈಬರಹದಲ್ಲೇ ಉಳಿಯುತ್ತದೆ. ಹೆಸರು ಬದಲಾಗುವುದೂ ಅಪರೂಪವೇನಲ್ಲ. ನಮ್ಮ ಹೊಂಗೆ ಮರವನ್ನೇ ನೋಡಿ. ಒಬ್ಬರು ಪೊಂಗಾಮಿಯ ಎಂದರು, ಇನ್ನೊಬ್ಬರು ಅಲ್ಲ, ಡೆರಿಸ್ ಎಂದರು, ಮತ್ತೊಬ್ಬರು ಬಂದು ಎರಡೂ ಸುಳ್ಳು, ಮಿಲ್ಲೆಟಿಯ ಎಂದರು. ಪಂಡಿತರ ಈ ಜಗಳದ ಉದ್ದಕ್ಕೂ ಹೊಂಗೆ ಮರ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ನಿಂತು ಕಾಯುವವರಿಗೆ ನೆರಳು ಕೊಡುತ್ತಿತ್ತು. ಯಾವ ಹೆಸರಿನ ಲೆಕ್ಕದಲ್ಲಿ ಕೊಡುತ್ತಿತ್ತೋ ನಾನು ಕಾಣೆ.

ಅವಳು ಹೋದ ದಿನಗಳಲ್ಲೇ ನಮ್ಮೂರು ಜಿಲ್ಲೆಯಾಯಿತು. ‘ಚಿತ್ರದುರ್ಗ ಜಿಲ್ಲೆ’ ಎಂದಿದ್ದ ಬೋರ್ಡುಗಳನ್ನೆಲ್ಲ ಕೆರೆದು ‘ದಾವಣಗೆರೆ ಜಿಲ್ಲೆ’ ಎಂದು ಬರೆಯುವ ಭರಾಟೆಯಲ್ಲಿ ಊರಿನ ಪೇಂಟರುಗಳಿಗೆ ಊಟಕ್ಕೂ ಪುರುಸೊತ್ತಿರಲಿಲ್ಲ. ಅವರ ಪೈಕಿ ಒಬ್ಬನನ್ನು ಬಸಣ್ಣ ನಮ್ಮ ಮನೆಗೂ ಕಳಿಸಿದ. “ಯಾವ ಹೆಸರು ಕೆರೀಬೇಕ್ರಿ?” ಎಂದು ಅವನು ಕೆರೆಯುವ ತಗಡು ಹಿಡಿದು ಕೇಳಿದ. ಸದ್ಯಕ್ಕೆ ಯಾವುದೂ ಬೇಡವೆಂದು ಹೇಳಿ ಒಂದು ಲೋಟ ಟೀ ಕುಡಿಸಿ ಕಳಿಸಿದೆ.

ಈ ವರ್ಷ ಅವಳ ಜಾಗಕ್ಕೆ ತಿಪ್ಪೇಸ್ವಾಮಿ ಎಂಬ ಹುಡುಗ ಬಂದ. ಹುಡುಗ ಎಂದರೆ ನನ್ನ ಕಣ್ಣಿಗೆ. ಹೆಸರಿನ ಮುಂದೆ ಡಾಕ್ಟರ್ ಎಂದಿದೆ. ಹರ್ಬೇರಿಯಂನ ಹೆಸರುಗಳನ್ನೆಲ್ಲ ತಿದ್ದಿ ಸರಿಮಾಡುವ ಕೆಲಸ ಅವನ ತಲೆಗೆ ಬಿದ್ದಿತ್ತು. ಒಂದು ಭಾನುವಾರ ಮನೆಗೆ ಬಂದು, “ಅಣ್ಣಾರೆ, ಮೇಡಂ ಇದ್ದಾಗ ಅಂಟು ಕಾಸ್ತಿದ್ದೋರು ನೀವೇ ಅಂತಲ್ಲ, ನಮ್ಮದು ಗಂಟುಗಂಟಾಗಕತ್ತೈತೆ, ಒಂದೀಟು ಬರ್ರಿ,” ಎಂದ. ನನ್ನ ವಿದ್ಯೆಗೂ ಕೊನೆಗೆ ಬೇಡಿಕೆ ಬಂತಲ್ಲ ಎಂದು ಹೋದೆ.

ಹೋದ ಮೇಲೆ ತಿಳಿದದ್ದು ಇನ್ನೊಂದು ಸಂಗತಿ. ಕಾಲೇಜಿಗೆ ತಪಾಸಣೆಯ ಸಮಿತಿ ಬರುವುದಿತ್ತು. ಒಂದೊಂದು ಹಾಳೆಯಲ್ಲಿ ಮೂರು ನಾಲ್ಕು ಚೀಟಿಗಳಿದ್ದರೆ ಗಲೀಜಾಗಿ ಕಾಣುತ್ತದೆ, ಹಳೆಯವನ್ನೆಲ್ಲ ಕಿತ್ತು ಕಂಪ್ಯೂಟರಿನಲ್ಲಿ ಅಚ್ಚುಮಾಡಿದ ಒಂದೇ ಚೀಟಿ ಅಂಟಿಸಿ ಎಂದು ಪ್ರಿನ್ಸಿಪಾಲರು ಹೇಳಿದ್ದರು. ಕಾಲೇಜಿಗೆ ಹೊಸದಾಗಿ ಬಂದ ಕಂಪ್ಯೂಟರಿಗೆ ಏನಾದರೂ ಕೆಲಸ ಕೊಡಬೇಕಲ್ಲ.

“ಇದು ಪದ್ಧತಿ ಅಲ್ರಿ,” ಎಂದ ತಿಪ್ಪೇಸ್ವಾಮಿ ನನ್ನ ಮುಖ ನೋಡದೆ. “ಆದ್ರ ನಾನು ಹೊಸಬ. ಇನ್ನೂ ಪರ್ಮನೆಂಟ್ ಆಗಿಲ್ಲ.”

ಪದ್ಧತಿ ಯಾವಾಗಲೂ ಪರ್ಮನೆಂಟ್ ಆದವರ ಆಸ್ತಿ. ಪರ್ಮನೆಂಟ್ ಆದಮೇಲೆ ಅದು ಅವರಿಗೆ ಬೇಕಾಗುವುದಿಲ್ಲ, ಅಷ್ಟೆ. ನಾನು ಅಂಟು ಕಲಕಿದೆ. ಆ ಬೀರುಗಳ ತುಂಬ ಅವಳ ಅಕ್ಷರ: ದುಂಡಗೆ, ಸ್ವಲ್ಪ ಎಡಕ್ಕೆ ವಾಲಿದ್ದು. ಅವಳು ನನಗೆ ಎಂದೂ ಕಾಗದ ಬರೆದವಳಲ್ಲ. ಒಂದೇ ಮನೆಯಲ್ಲಿದ್ದವರು ಯಾಕೆ ಬರೆಯುತ್ತಾರೆ? ಅಡುಗೆಮನೆಯ ಡಬ್ಬಿಗಳ ಮೇಲೆ ಬರೆದದ್ದು ಎಣ್ಣೆಗೆ ಅಳಿಸಿಹೋಗಿದೆ. ಅವಳ ಕೈಬರಹ ಉಳಿದಿರುವುದೆಂದರೆ ಅಲ್ಲಿ ಮಾತ್ರ, ಒಣ ಗಿಡಗಳ ಪಕ್ಕದಲ್ಲಿ.

ಮಧ್ಯಾಹ್ನದ ಹೊತ್ತಿಗೆ ತಿಪ್ಪೇಸ್ವಾಮಿ ಒಂದು ಹಾಳೆಯನ್ನು ಭೂತಗನ್ನಡಿಯಲ್ಲಿ ಮತ್ತೆ ಮತ್ತೆ ಪರೀಕ್ಷಿಸತೊಡಗಿದ. ನೋಡಿದ ಕೂಡಲೇ ಗುರುತು ಹಿಡಿದೆ. ಹರಿಹರದ ಹಾಳೆ.

ಹರಿಹರಕ್ಕೆ ಆವತ್ತು ಪ್ಯಾಸೆಂಜರ್ ರೈಲಿನಲ್ಲಿ ಹೋಗಿದ್ದೆವು. ಅವಳಿಗೆ ಹೊಳೆದಂಡೆಯ ಗಿಡಗಳು ಬೇಕಿದ್ದವು, ನನಗೆ ದೇವಸ್ಥಾನ. ಅರ್ಧ ಶಿವ ಅರ್ಧ ವಿಷ್ಣುವಾದ ಆ ಮೂರ್ತಿಯ ಮುಂದೆ ಕೈಮುಗಿದು, ತುಂಗಭದ್ರೆಯ ದಂಡೆಗೆ ಇಳಿದು, ಮಂಡಕ್ಕಿ ಮೆಣಸಿನಕಾಯಿ ಬಿಚ್ಚಿಕೊಂಡು ಕೂತಿದ್ದೆವು. ನೀರಿನ ಅಂಚಿನಲ್ಲಿ ಗುಲಾಬಿ ಬಣ್ಣದ ಪುಟ್ಟ ಹೂಗಳ ಒಂದು ಗಿಡವಿತ್ತು. ಅದನ್ನು ಕಂಡವನು ನಾನು. ನನ್ನ ಸಸ್ಯಶಾಸ್ತ್ರದ ಇತಿಹಾಸದಲ್ಲಿ ಅದೊಂದೇ ಸಂಶೋಧನೆ. ಆ ಜಾತಿಯಲ್ಲಿ ಗಂಟುಗಳ ಹತ್ತಿರ ರೋಮ ಇದ್ದರೆ ಒಂದು ಹೆಸರು, ಇಲ್ಲದೆ ನುಣ್ಣಗಿದ್ದರೆ ಇನ್ನೊಂದು. ಅವಳು ಒಮ್ಮೆ ಗಿಡ ನೋಡಿದಳು, ಒಮ್ಮೆ ಬಿಸಿಲಿಗೆ ಹೊಳೆಯುತ್ತಿದ್ದ ನನ್ನ ತಲೆ ನೋಡಿದಳು.

“ನುಣ್ಣಗಿರೋದೇ ಅಂತ ಬರದುಬಿಡ್ತೀನಿ. ಕಂಡುಹಿಡಿದೋರ ಗುರ್ತಿಗೆ ಇರ್ಲಿ,” ಎಂದು ನಕ್ಕಳು. ಮೆಣಸಿನಕಾಯಿ ನೆತ್ತಿಗೇರಿ ಕೆಮ್ಮುವಷ್ಟು ನಕ್ಕಳು. ಭೂತಗನ್ನಡಿ ಇಲ್ಲದೆ ಒಂದು ಎಲೆಯ ಹೆಸರನ್ನೂ ಬರೆಯದವಳು ಆವತ್ತು ಅದನ್ನು ಚೀಲದಿಂದ ಹೊರಗೇ ತೆಗೆಯದೆ, ಪಾಲಿಗೋನಂ ಗ್ಲಾಬ್ರಂ ಎಂದು ಚೀಟಿ ಬರೆದುಬಿಟ್ಟಳು. “ಆಮೇಲೆ ಸರಿಯಾಗಿ ನೋಡಿದ್ರಾತು ಬಿಡ್ರಿ.” ನಮಗೆ ಆಮೇಲೆ ಎನ್ನುವುದು ಬಹಳ ಇದೆ ಎಂದುಕೊಂಡಿದ್ದ ಕಾಲ ಅದು.

“ಅಣ್ಣಾರೆ, ಇದು ಗ್ಲಾಬ್ರಂ ಅಲ್ರಿ. ಬಾರ್ಬಾಟಂ, ರೋಮ ಇರೋದು,” ಎಂದ ತಿಪ್ಪೇಸ್ವಾಮಿ.

“ಅವ್ಳು ತಪ್ಪು ಬರಿಯೋಳಲ್ಲ.”

“ನೀವೇ ನೋಡ್ರಿ.”

ಭೂತಗನ್ನಡಿಯಲ್ಲಿ ನೋಡಿದೆ. ಗಂಟುಗಂಟಿಗೂ ರೋಮ, ಎಳೆ ಹುಡುಗನ ಮೀಸೆಯಂತೆ. ನನ್ನ ತಲೆಗೂ ಆ ಗಿಡಕ್ಕೂ ಯಾವ ನಂಟೂ ಇರಲಿಲ್ಲ.

ತಿಪ್ಪೇಸ್ವಾಮಿ ದನಿ ತಗ್ಗಿಸಿ, “ಬ್ಯಾರೆ ಚೀಟಿ ಕೀಳಾಕ ನನಗೂ ಮನಸ್ಸಿಲ್ಲ. ಇದೊಂದನ್ನ ಮಾತ್ರ ಕಿತ್ತುಬಿಡಾಣ. ಮೇಡಂ ಹೆಸರಿನ ಮ್ಯಾಲೆ ತಪ್ಪು ಯಾಕ ಉಳೀಬೇಕು?” ಎಂದ. ಒಳ್ಳೆಯ ಹುಡುಗ. ನನ್ನ ಹೆಂಡತಿಯ ಮಾನ ಕಾಪಾಡಲು ಅವಳ ನಗುವನ್ನೇ ಕೀಳಲು ಹೊರಟಿದ್ದ. ಬೇರೆ ಚೀಟಿಗಳಲ್ಲಿ ಇದ್ದವಳು ಅಧ್ಯಾಪಕಿ. ಅವಳನ್ನು ಕಾಲೇಜು ಇಟ್ಟುಕೊಳ್ಳಲಿ. ಆ ತಪ್ಪು ಚೀಟಿಯಲ್ಲಿದ್ದವಳು ನನ್ನವಳು.

ಅಂಟಿನ ಕೈಯಲ್ಲೇ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಸಮಿತಿಯ ತಯಾರಿಗೆಂದು ಅವರೂ ಭಾನುವಾರ ಬಂದಿದ್ದರು. ತಿಪ್ಪೇಸ್ವಾಮಿ ಬಾಗಿಲಲ್ಲೇ ನಿಂತ. ಹಳೆಯ ಚೀಟಿಗಳ ವಿಷಯ ಮಾತಾಡಬೇಕೆಂದೆ.

“ಬರ್ರಿ ಕೊಟ್ರಪ್ಪಾರೆ, ಕೂಡ್ರಿ. ಚೀಟಿ ವಿಷಯ ಏನ್ರಿ? ನೋಡ್ರಿ, ಈಗ ಇರೋ ಹೆಸರು ಒಂದಿದ್ರೆ ಸಾಕು. ಆಗಿಹೋದದ್ದೆಲ್ಲ ಯಾಕ?”

ಅವರ ಕುರ್ಚಿಯ ಹಿಂದೆ ಗೋಡೆಯ ಮೇಲೆ ದೊಡ್ಡ ಮರದ ಹಲಗೆ. ಕಾಲೇಜು ಶುರುವಾದಾಗಿನಿಂದ ಪ್ರಿನ್ಸಿಪಾಲರಾದವರ ಹೆಸರೆಲ್ಲ ಬಂಗಾರದ ಬಣ್ಣದಲ್ಲಿ.

“ಹಂಗಾರೆ ನಿಮ್ಮ ಹಿಂದಿರೋ ಹಲಗಿನೂ ಭಾರೀ ಗಲೀಜಾಗೈತೆ ಸರ್,” ಎಂದೆ. “ಈಗಿರೋರು ನೀವೊಬ್ಬರೇ. ಉಳಿದೋರನ್ನೆಲ್ಲ ಕೆರೆಸಿಬಿಡ್ರಿ, ನೀಟಾಗತೈತೆ. ಪೇಂಟರ್ ನನಗೆ ಗೊತ್ತದಾನೆ.”

“ಅದು ಬ್ಯಾರೆ ರೀ,” ಎಂದು ಅವರು ತಿರುಗಿ ನೋಡಿದರು. ಕೊನೆಯ ಸಾಲಿನಲ್ಲಿ ಅವರ ಹೆಸರು, ಸೇರಿದ ವರ್ಷ, ಅದರ ಮುಂದೊಂದು ಅಡ್ಡಗೀಟು. ಗೀಟಿನಾಚೆ, ಬಿಟ್ಟುಹೋದ ವರ್ಷ ಬರೆಯುವ ಕಡೆ, ಖಾಲಿ. ಆ ಖಾಲಿ ಜಾಗವನ್ನು ಅವರು ಇಷ್ಟು ದಿನ ಬೆನ್ನಿಗೆ ಹಾಕಿಕೊಂಡೇ ಕೂತಿದ್ದರು. ಆಮೇಲೆ ಬಾಗಿಲ ಕಡೆ ನೋಡಿ, “ತಿಪ್ಪೇಸ್ವಾಮಿ, ಹಳೇವು ಇರ್ಲಿ, ಪಕ್ಕಕ್ಕ ಹಚ್ರಿ. ಸೊಟ್ಟ ಹಚ್ಚಬ್ಯಾಡ್ರಿ, ಅಷ್ಟು ಸಾಕು,” ಎಂದರು.

ಹೊಸ ಚೀಟಿಯನ್ನು ತಿಪ್ಪೇಸ್ವಾಮಿ ಬರೆದ, ನಾನು ಹಚ್ಚಿದೆ. ಈಗ ಆ ಹಾಳೆಯಲ್ಲಿ ರೋಮವಿಲ್ಲವೆನ್ನುವ ಹೆಸರೂ ಇದೆ, ಇದೆಯೆನ್ನುವ ಹೆಸರೂ ಇದೆ. ಹರಿಹರದ ದೇವರೇ ಎರಡು ಹೆಸರು ಹೊತ್ತು ನಿಂತಿರುವಾಗ ಅದೇ ಊರಿನ ಗಿಡಕ್ಕೆ ಭಾರವಾಗಲಾರದು. ಸಮಿತಿಯವರು ಬಂದರು, ಗೋಡಂಬಿ ತಿಂದರು, ಹೋದರು. ಹರ್ಬೇರಿಯಂನ ಬಾಗಿಲನ್ನು ಅವರು ತೆಗೆಸಲೇ ಇಲ್ಲವಂತೆ.

ನಾನು ಮಾತ್ರ ಆ ಪೇಂಟರನ್ನು ಮತ್ತೆ ಕರೆಸಿದೆ. ಗೇಟಿನಲ್ಲಿ ಅವಳ ಹಲಗೆಯ ಪಕ್ಕಕ್ಕೆ ಒಂದು ಚಿಕ್ಕ ತಗಡು ಬಂದಿದೆ: ಕೊಟ್ರಪ್ಪ. ಡಿಗ್ರಿಗಳ ಕಾಟವಿಲ್ಲದ್ದರಿಂದ ಬೇಗ ಮುಗಿಯಿತು. ಬಸಣ್ಣ ಬಂದು ಎರಡನ್ನೂ ನೋಡಿ, “ಅಕ್ಕನ್ನ ತೆಗಿಲೇ ಇಲ್ಲಲ್ಲ ಭಾವ?” ಎಂದ. “ಪದ್ಧತಿ ಅಲ್ಲಪ್ಪ,” ಎಂದೆ.

ಮೊನ್ನೆ ಯಾರೋ ದೂರದ ಊರಿನ ಹಳೆಯ ವಿದ್ಯಾರ್ಥಿನಿ ಗೇಟಿನಲ್ಲಿ ನಿಂತು, ಹಲಗೆ ಓದಿ, ತಗಡು ಓದಿ, ಗೊಂದಲದಲ್ಲಿ ಬೆಲ್ ಒತ್ತಿದಳು. “ಮೇಡಂ ಮನೆ ಇದೇ ಏನ್ರಿ?”

“ಇದೇ ಕಣಮ್ಮ,” ಎಂದೆ. “ಒಳಗ ಬಾ. ಹೊಸ ಚೀಟಿ ನಾನು.”