ಬಂಬ್ ಗೆದ್ದ ಬೆಳಗು

ಅಂಗಡಿಯವನು ಗ್ಯಾಸ್ ಗೀಜರಿಗೂ ಕರೆಂಟಿನದಕ್ಕೂ ಖರ್ಚು ಹೋಲಿಸುತ್ತಿದ್ದ. ನನಗೆ ಸೆಗಣಿ ಕುಳ್ಳಿನ ಹೊಗೆಯ ವಾಸನೆ ಬಂತು.

ನಿಜಾಮನ ರಾಜ್ಯ ಹೋಯಿತು, ಉದಗೀರದ ನಮ್ಮ ಮನೆಗೆ ನೀರು ಕಾಯಿಸುವ ತಾಮ್ರದ ಬಂಬ್ ಬಂತು. ಅಪ್ಪ ಹಳೆಯ ಹಂಡೆಯೊಡನೆ ಅದರ ಪೈಪೋಟಿ ಇಟ್ಟ. ಅಷ್ಟೇ ನೀರು ಕಾಯಲು ಹಂಡೆಗೆ ಏಳು ಕುಳ್ಳು ಬೇಕಾದವು, ಬಂಬಿಗೆ ಆರು.

“ಬಂಬ್ ಗೆದ್ದದ!” ಎಂದು ನ್ಯಾಯಾಧೀಶನ ಗತ್ತಿನಲ್ಲಿ ತೀರ್ಪಿತ್ತು ಲಿಂಗಪೂಜೆಗೆ ಕೂತ.

ಹಂಡೆಯ ತಳದಲ್ಲಿ ಅವ್ವನಿಗೆ ಬೆಚ್ಚನೆ ನೀರು ಉಳಿಯುತ್ತಿತ್ತು. ಬಂಬಿನಲ್ಲಿ ಬಿಸಿನೀರು ಹಿಡಿಯಬೇಕಾದರೆ ಮೇಲಿಂದ ತಣ್ಣೀರು ಸುರಿಯಬೇಕು. ನಾವು ಐವರು ಮಿಂದ ಮೇಲೆ ಅವ್ವನಿಗೆ ಉಳಿದದ್ದು ಆ ತಣ್ಣೀರೇ.

“ಇನ್ನೊಂದು ಕುಳ್ಳು ಹಾಕ್ಲೇನವ್ವಾ?”

“ಬ್ಯಾಡೋ, ನಿಮ್ಮಪ್ಪನ ಗೆಲುವು ಹೋಗ್ತದ” ಎಂದು ನಕ್ಕಳು.

ಅಪ್ಪ ದಿನಾ ಗೆದ್ದ. ಅವ್ವ ಸಾಯುವತನಕ ತಣ್ಣೀರಲ್ಲೇ ಮಿಂದಳು.

“ಯಾವುದು ಕೊಡ್ಲಿ ಸರ್?” ಎಂದ ಅಂಗಡಿಯವನು. ಯಾವುದು ಕೊಂಡರೂ ಆಕೆಗೊಂದು ತಂಬಿಗೆ ಬಿಸಿನೀರು ಸಿಗುವುದಿಲ್ಲ.