ಮೀನಿಗೆ ಹಾಕಿದ ಶೀರಾ

ವಡೋದರಾದ ಅಲ್ಕಾಪುರಿಯಲ್ಲಿ ನಮ್ಮದು ಉಡುಪಿ ಹೋಟೆಲ್. ಅಲ್ಲಿ ಶುದ್ಧ ಸಸ್ಯಾಹಾರ. ಮನೆಯಲ್ಲಿ ನಾವು ಮೀನು ತಿನ್ನುವವರು. ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ನನ್ನ ಅಕ್ಕನ ಗಂಡ, ಭಾವ, ಊರಾಚೆಯ ಕೆರೆಯೊಂದರಲ್ಲಿ ರೋಹು ಮೀನು ಸಾಕಿದ್ದರು. ಮೀನಿಗೆ ಬೇಕಾದ ಅಕ್ಕಿ ತೌಡು, ಶೇಂಗಾ ಹಿಂಡಿ ಊರೊಳಗಿನ ಗೋರ್ವಾ ಬಡಾವಣೆಯಲ್ಲಿ ಗಿರಣಿ ನಡೆಸುತ್ತಿದ್ದ ಗುಜರಾತಿ ಅಜ್ಜನಿಂದ ಬರುತ್ತಿತ್ತು. ಭಾವ, ಅಜ್ಜ ಇಬ್ಬರೂ ವರ್ಷಗಟ್ಟಲೆ ಜೊತೆಗೆ ಕೂತು ಚಹಾ ಕುಡಿದವರು.

ಭಾವ ಕಾಲು ಮುರಿದು ಮಲಗಿದಾಗ ಕೆರೆ ನನ್ನ ಪಾಲಿಗೆ ಬಂತು.

"ಎರಡು ಹೊತ್ತು ತೌಡು, ಹಿಂಡಿ. ಬೇರೆಂತದೂ ಹಾಕ್ಬೇಡ ಮಾರಾಯ."

ನಾನು ಕೇಳಲಿಲ್ಲ. ಹೋಟೆಲಿನಲ್ಲಿ ಉಳಿದದ್ದನ್ನು ಚೆಲ್ಲಲು ನನಗೆ ಮನಸ್ಸು ಬಾರದು. ಮೊದಲು ಅನ್ನ ಒಯ್ದೆ, ಆಮೇಲೆ ದಿನವೂ ಶೀರಾ. ಇಲ್ಲಿನ ಗಿರಾಕಿಗಳಿಗೆಂದು ಸಕ್ಕರೆ ಸುರಿದು ಮಾಡಿದ್ದು. ನನ್ನ ಹೆಜ್ಜೆ ಸಪ್ಪಳಕ್ಕೇ ಮೀನುಗಳು ದಡಕ್ಕೆ ನುಗ್ಗುವಾಗ ಹಿಗ್ಗುತ್ತಿದ್ದೆ. ತೌಡನ್ನು ದಾರಿಯ ದನಗಳಿಗೆ ಹಾಕಿದೆ.

ಎರಡು ತಿಂಗಳಲ್ಲಿ ಮೀನುಗಳು ಸತ್ತು ತೇಲತೊಡಗಿದವು. ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಧಾರವಾಡದ ಹುಡುಗಿ ಮೀನಿನ ಆಹಾರದ ಬಗ್ಗೆಯೇ ಓದುತ್ತಿದ್ದಳು. ಒಂದನ್ನು ಸೀಳಿದಳು. ಯಕೃತ್ತು ಹಳದಿಯಾಗಿ, ಜಿಡ್ಡುಗಟ್ಟಿತ್ತು.

"ಏನ್ ತಿನಿಸೀರಿ ಅಂಕಲ್? ಬೇಯಿಸಿದ ಅನ್ನ ಸ್ವಲ್ಪ ಆದ್ರ ಅರಗಿಸ್ಕೋತಾವ. ಸಕ್ಕರಿ ಹಂಗಲ್ಲ. ರಕ್ತದಾಗ ಏರಿದ್ದು ಲಗೂ ಇಳಿಯಂಗಿಲ್ಲ, ಲಿವರ್‌ನ್ಯಾಗ ಕೊಬ್ಬಾಗಿ ಕೂಡ್ತದ. ಆಮ್ಯಾಲ ಸಣ್ಣ ರೋಗ ಬಂದ್ರೂ ತಡಕೊಳ್ಳಂಗಿಲ್ಲ."

"ತೌಡು" ಎಂದೆ.

"ತೌಡಿಗೆ ಹಿಂಗಾಗಂಗಿಲ್ಲ ಬಿಡ್ರಿ" ಎಂದು ನನ್ನ ಮುಖ ನೋಡಿದಳು.

ಭಾವನಿಗೂ ಸುಳ್ಳು ಹೇಳಿದೆ: ಗಿರಣಿಯಿಂದ ಬಂದ ತೌಡಿಗೇ ಬೂಸ್ಟು ಹಿಡಿದಿತ್ತು. ಅವರು ನಂಬಿದರು. ಫೋನಿನಲ್ಲಿ ಗಿರಣಿಯಜ್ಜನನ್ನು ಕಳ್ಳ ಎಂದರು. ಅಲ್ಲಿಗೆ ಇಬ್ಬರ ನಡುವೆ ಮಾತುಕತೆ, ಹೋಗಿಬರುವುದು ನಿಂತಿತು. ಅದುವರೆಗೆ ದಿನವೂ ಅಜ್ಜ ಬಂದು ಹಾಸಿಗೆಯ ಬಳಿ ಕೂರುತ್ತಿದ್ದ ನಾಲ್ಕು ಗಂಟೆಗೆ ಭಾವ ಸುಮ್ಮನೆ ಬಾಗಿಲು ನೋಡುತ್ತಿದ್ದರು. ಅದನ್ನು ಒಂದು ವಾರ ಸಹಿಸಿದೆ. ಆಮೇಲೆ ಎಲ್ಲವನ್ನೂ ಹೇಳಿಬಿಟ್ಟೆ.

"ಮೀನಿಗೆ ಶೀರಾ! ದ್ರಾಕ್ಷಿ, ಗೋಡಂಬಿ ಸಹ ಹಾಕಿದ್ಯಾ?" ನಕ್ಕರು, ಕಣ್ಣೊರೆಸಿಕೊಂಡರು. "ಮೀನು ಹೋದದ್ದು ಹೋಯ್ತು. ಆ ಮನುಷ್ಯನಿಗೆ ಕಳ್ಳ ಅಂದೆನಲ್ಲ ನಾನು. ಸ್ಕೂಟರ್ ತೆಗಿ."

ಗಿರಣಿಯ ಮುಂದೆ ನಾನು ಸ್ಕೂಟರಿನ ಬಳಿಯೇ ನಿಂತುಬಿಟ್ಟೆ. ಊರುಗೋಲು ಹಿಡಿದಿದ್ದ ಭಾವ ಇನ್ನೊಂದು ಕೈಯನ್ನು ನನ್ನ ಹೆಗಲ ಮೇಲಿಟ್ಟರು.

"ನೀನೇ ಹೇಳು. ನಾನು ಇಲ್ಲೇ ನಿಂತಿರ್ತೇನೆ."

ನನ್ನ ಹರಕು ಗುಜರಾತಿಯಲ್ಲಿ ಹೇಳಿದೆ. ಅಜ್ಜ ಪೂರ್ತಿ ಕೇಳಿಸಿಕೊಂಡು, ಭಾವನಿಗೆ ಕುರ್ಚಿ ಎಳೆದುಕೊಟ್ಟರು. ನನಗೆ ಕೂರು ಎನ್ನಲು ಅವರಿಗೆ ಇನ್ನೂ ಕೆಲವು ತಿಂಗಳು ಬೇಕಾಯಿತು.