ಕಾಕು ಪೂಜೆ ಮಾಡಿದ ಬೂಷ್ಟು

ಮೊನ್ನೆ ಎಣ್ಣೆಯಂಗಡಿಯ ಮುಂದೆ ಹಾಯುವಾಗ, ಮೂಲೆಯಲ್ಲಿ ನೆನೆದು ಬಿದ್ದಿದ್ದ ಕುಸುಬಿ ಹಿಂಡಿಯ ಚೀಲದಿಂದ ಮುಗ್ಗಲು ವಾಸನೆ ಬಂತು. ಜೊತೆಗಿದ್ದವರು ಮೂಗು ಮುಚ್ಚಿಕೊಂಡರು. ನಾನು ನಿಂತೇಬಿಟ್ಟೆ. ಆ ವಾಸನೆ ಬಂದರೆ ಇವತ್ತಿಗೂ ಒಬ್ಬರೇ ಕಣ್ಣ ಮುಂದೆ ಬರುತ್ತಾರೆ… ಸೊಲ್ಲಾಪುರದ ಕಾಕು.

ಕಾಕು ಎಂದರೆ ಚಿಕ್ಕಮ್ಮ, ಆದರೆ ಅವರು ನನಗೆ ಸಂಬಂಧಿಕರೇನಲ್ಲ, ಮನೆಯ ಮಾಲಕಿ. ತೊಂಬತ್ತರ ದಶಕದಲ್ಲಿ ಪಿಎಚ್.ಡಿ. ಮಾಡುತ್ತ ಅವರ ಮಾಳಿಗೆಯ ಕೋಣೆಯಲ್ಲಿದ್ದೆ. ಅವರದು ಚಾದರ ವ್ಯಾಪಾರದ ಮನೆತನ. ನನ್ನೂರು ಅಕ್ಕಲಕೋಟ. ಹಬ್ಬಕ್ಕೆ ಮಾತ್ರ ಹೋಗುತ್ತಿದ್ದೆ.

ನನ್ನ ಸಂಶೋಧನೆ ಒಂದು ಬೂಷ್ಟಿನ ಮೇಲೆ. ಅಕ್ಕಲಕೋಟದ ಗಾಣವೊಂದರ ಮಣ್ಣಿನಲ್ಲಿ ಸಿಕ್ಕಿದ್ದು. ಅದು ಬಿಡುತ್ತಿದ್ದ ಕಿಣ್ವ, ಆಸಿಡ್ ಹಾಕಿ ಕುದಿಸಿ ಮಾಡಬೇಕಾದ ಕೆಲಸವನ್ನು ಬೆಚ್ಚಗಿನ ಎಣ್ಣೆಯಲ್ಲಿ ಸದ್ದಿಲ್ಲದೆ ಮಾಡಿ ಮುಗಿಸುತ್ತಿತ್ತು. ನೂಲನ್ನು ಮೆತ್ತಗಾಗಿಸುವ ಹೊಸ ರಾಸಾಯನಿಕವೊಂದು ಹುಟ್ಟುತ್ತಿತ್ತು. ಗಟಾರಕ್ಕೆ ವಿಷ ಹರಿಯುತ್ತಿರಲಿಲ್ಲ. ಇದನ್ನು ಕೇಳಿ ಕಾಕು, "ಅಗ ಬಾಈ! ಬುರುಸು ಹತ್ತಿದ್ದನ್ನ ನಾವು ತಿಪ್ಪಿಗಿ ಒಗೀತೀವಿ, ನೀ ಅದರಾಗ ಡಾಕ್ಟರ್ ಆಗಾಕಿ?" ಎಂದು ಹೊಟ್ಟೆ ಹಿಡಿದು ನಕ್ಕಿದ್ದರು.

ನಕ್ಕರೇನಾಯಿತು, ಪ್ರಯೋಗಾಲಯದ ಫ್ರಿಜ್ಜು ಕೆಟ್ಟು ಅಲ್ಲಿದ್ದ ಬೂಷ್ಟೆಲ್ಲ ಹಾಳಾದಾಗ ತಮ್ಮ ಫ್ರಿಜ್ಜಿನ ಒಂದು ಅಂತಸ್ತು ಬಿಟ್ಟುಕೊಟ್ಟವರು ಅವರೇ. ನಿನ್ನೆಯ ರೊಟ್ಟಿಯನ್ನೂ ಮನೆಯಲ್ಲಿ ಇಟ್ಟುಕೊಳ್ಳದ ಹೆಂಗಸು! ಉಳಿದಿದ್ದ ನಾಲ್ಕೇ ನಾಲ್ಕು ಗಾಜಿನ ನಳಿಗೆಗಳು, ಬಾಯಿಗೆ ಹತ್ತಿ ತುರುಕಿಸಿಕೊಂಡು, ಮೊಸರಿನ ಪಕ್ಕದಲ್ಲಿ ಕೂತವು. ಅವೇ ನನ್ನ ಪ್ರಾಣ.

ಆ ವರ್ಷ ದಸರೆ ಮುಗಿಸಿ ಅಕ್ಕಲಕೋಟದಿಂದ ಬಂದೆ. ಕಾಕು ಬಾಗಿಲಲ್ಲೇ ಕೈಗೆ ಬನ್ನಿ ಕೊಟ್ಟು, ಹಿಗ್ಗಿನಿಂದ ದೇವರಮನೆಗೆ ಕರೆದೊಯ್ದರು. ದೇವಿಯ ಮುಂದೆ ಆಯುಧಪೂಜೆಗೆ ಇಟ್ಟ ಅಂಗಡಿಯ ಗಜಕಡ್ಡಿ, ಕತ್ತರಿ, ಅವುಗಳ ಪಕ್ಕದಲ್ಲಿ ಚೆಂಡುಹೂವು ಏರಿಸಿಕೊಂಡು ನನ್ನ ನಳಿಗೆಗಳು.

"ಎಲ್ಲಾರ ಹತ್ಯಾರಕ್ಕೂ ಪೂಜಾ ಆತು, ನಿಂದಷ್ಟ ಯಾಕ ಬಿಡಬೇಕಂತ ಇಟ್ಟೀನಿ ನೋಡವಾ."

ದೇವಿಯ ಮುಂದೆ ಬಾಯಿ ಮುಚ್ಚಿದ್ದನ್ನು ಇಡಬಾರದೆಂದು ಹತ್ತಿ ಕಿತ್ತಿದ್ದರು. ಒಳಗೆ ಅರಿಶಿನ, ಕುಂಕುಮ, ಅಕ್ಷತೆ… ಎಲ್ಲ ನಾಲ್ಕಕ್ಕೂ, ಒಂದನ್ನೂ ಬಿಡದೆ, ಮನಸಾರೆ.

ನಾನು ಏನು ಕೂಗಿದೆನೋ ನೆನಪಿಲ್ಲ. ಒಳಗಿದ್ದುದನ್ನು ಕೆರೆದು ಬೆಳೆಸಿದರೆ ಅಕ್ಕಿಕಾಳಿನ ಹಾಳುಮೂಳು ಬೂಷ್ಟೆಲ್ಲ ಎದ್ದು ಬಂತು, ನನ್ನದು ಬರಲಿಲ್ಲ. ನೋಂದಣಿಯ ಅವಧಿ ಬೇಸಿಗೆಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಆ ಕಿಣ್ವ ಮತ್ತೆ ಸಿಗದಿದ್ದರೆ ಪದವಿಯ ಆಸೆ ಬಿಡಿ ಎಂದು ಮಾರ್ಗದರ್ಶಕರು ಖಡಾಖಂಡಿತವಾಗಿ ಹೇಳಿದರು. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಮಾಳಿಗೆಯ ಮೇಲೆ ಶತಪಥ ತುಳಿಯುತ್ತಿದ್ದೆ. ಕೆಳಗೆ ಕಾಕುವಿನ ಪಾತ್ರೆಗಳ ಸದ್ದೂ ನಿಂತಿತ್ತು.

ಎರಡು ದಿನ ಬಿಟ್ಟು ಮೆಟ್ಟಿಲ ಕೆಳಗಿನಿಂದಲೇ ಕೇಳಿದರು: "ಎಲ್ಲಿಂದ ತಂದಿದ್ದಿ ಅದನ್ನ?"

"ಅಕ್ಕಲಕೋಟದ ಗಾಣದಿಂದ. ಈಗ ಅದಕ್ಕೂ ಫರಸಿ ಕಲ್ಲ ಹಾಸ್ಯಾರ, ಮಣ್ಣ ಸಿಗಂಗಿಲ್ಲ!" ಎಂದು ಮೇಲಿಂದ ಸಿಡುಕಿದೆ.

ಗುರುವಾರ ಸ್ವಾಮಿಗಳ ಸಮಾಧಿಯ ದರ್ಶನಕ್ಕೆ ಅಕ್ಕಲಕೋಟದ ಬಸ್ಸು ಹತ್ತುವುದು ಕಾಕುವಿನ ರೂಢಿ. ಆ ಗುರುವಾರ ಪ್ರಸಾದದ ಜೊತೆ, ಮಣ್ಣಿಲ್ಲದಿದ್ದರೆ ಹಿಂಡಿಯಲ್ಲಾದರೂ ಸಿಕ್ಕೀತೆಂದು, ಮುಗ್ಗಿದ ಹಿಂಡಿಯ ಗಂಟನ್ನೂ ತಂದರು. ಮುಂದಿನ ವಾರವೂ, ಅದರ ಮುಂದಿನ ವಾರವೂ. ಇದ್ದಬದ್ದ ಗಾಣ, ದನದ ಕೊಟ್ಟಿಗೆ, ಹಿಂಡಿ ಮಾರುವವರ ಅಂಗಡಿ ಎಲ್ಲ ಜಾಲಾಡಿದರು. ಬಸ್ಸಿನಲ್ಲಿ ಜನ ಬೈದರಂತೆ. ಮಡಿ ಮಡಿ ಎಂದು ಜೀವ ತಿನ್ನುತ್ತಿದ್ದವರ ಅಡುಗೆಮನೆಯ ಕಟ್ಟೆಯ ಮೇಲೆ ಕೊಳೆತ ಹಿಂಡಿಯ ಸಾಲು! ಸೊಸೆ ತವರಿಗೆ ಹೊರಟು ನಿಂತಳು. "ಹೋಗಿ ಬಾರವಾ," ಎಂದರು, ಅಷ್ಟೇ.

ನಾನು ಕೆರೆಯುತ್ತಿದ್ದೆ, ಬೆಳೆಸುತ್ತಿದ್ದೆ, ತಟ್ಟೆ ಒಗೆಯುತ್ತಿದ್ದೆ. ಎಣ್ಣೆ ಬೆರೆಸಿದ ತಟ್ಟೆಯಲ್ಲಿ ಬೂಷ್ಟಿನ ಸುತ್ತ ತಿಳಿಯಾದ ಉಂಗುರ ಮೂಡಿದರೆ ಕಿಣ್ವ ಇದೆ ಎಂದರ್ಥ. ಮೂಡುತ್ತಲೇ ಇರಲಿಲ್ಲ. ದಿನಾ ಬೆಳಗಾದರೆ ಕಾಕು ಮೆಟ್ಟಿಲ ಬಳಿ ಹಾಜರು: "ಏನರ ಆತೇನು?" ಆಗಿಲ್ಲ ಎಂದರೆ ತಿರುಗಿ ಹೋಗುತ್ತಿದ್ದರು. ಆ ಪ್ರಶ್ನೆಗೆ ಹೆದರಿಯೇ ಹಿತ್ತಿಲ ಬಾಗಿಲಿಂದ ಎಷ್ಟೋ ಸಲ ಹೊರಬಿದ್ದಿದ್ದೇನೆ.

ಚಳಿ ಕಳೆಯುವ ಹೊತ್ತಿಗೆ ಒಂದರ ಸುತ್ತ ಉಂಗುರ ಮೂಡಿತು. ಮೊದಲಿನದಲ್ಲ ಅದು. ಮಂದ, ಸೋಮಾರಿ, ಮೊದಲಿನದರ ಅರ್ಧ ಕೆಲಸವನ್ನೂ ಮಾಡುತ್ತಿರಲಿಲ್ಲ. ಆದರೆ ಮಾಡುತ್ತಿತ್ತು. ಅದನ್ನೇ ಗೋಗರೆದು, ಪುಸಲಾಯಿಸಿ, ಹೇಗೋ ಪ್ರಬಂಧ ಮುಗಿಸಿದೆ. ಪದವಿಯೂ ಬಂತು. ಒಳ್ಳೆಯ ನೌಕರಿಗಳೆಲ್ಲ ಮೊದಲಿನ ಬೂಷ್ಟಿನ ಜೊತೆಗೇ ಹೋಗಿದ್ದವು. ಈ ಪ್ರಬಂಧವನ್ನು ಯಾರೂ ಹೊರಳಿ ನೋಡಲಿಲ್ಲ.

ಪೇಢೆ ಕೊಡಲು ಹೋದಾಗ ಕಾಕು ಅದನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದರು: "ಈಗರ ಸಿಟ್ಟು ಹೋತೇನು?"

"ಇಲ್ರಿ ಕಾಕು."

ಅವರು ಪೇಢೆ ಬಾಯಿಗೆ ಹಾಕಿಕೊಂಡರು. "ಇರ್ಲಿ ಬಿಡು. ಸಿಟ್ಟಿದ್ರ ಜಗಳಾ ಆಡಾಕರ ಬರ್ತಿ."

ಹೋಗುತ್ತಿದ್ದೆ ಕೂಡ. ಪ್ರತಿ ದಸರೆಗೆ ಬನ್ನಿ ಕೊಡುವ ನೆಪದಲ್ಲಿ ಹೋಗಿ, ಆ ನಾಲ್ಕು ನಳಿಗೆಗಳ ಜಗಳ ತೆಗೆಯುತ್ತಿದ್ದೆ. ಅವರು ಬೈಸಿಕೊಂಡು ಊಟಕ್ಕೆ ಬಡಿಸುತ್ತಿದ್ದರು… ಅವರು ತೀರಿಕೊಂಡು ವರ್ಷಗಳಾದವು. ನಾನೀಗ ಕಾಲೇಜಿನಿಂದ ನಿವೃತ್ತಳು. ಆ ಮೊದಲ ಬೂಷ್ಟನ್ನು ನೆನೆದರೆ ಹೊಟ್ಟೆ ಈಗಲೂ ಹಾಗೇ ಉರಿಯುತ್ತದೆ. ಸಿಟ್ಟೇನೂ ಹೋಗಿಲ್ಲ ಕಾಕು, ಇಟ್ಟುಕೊಂಡು ಕೂತಿದ್ದೇನೆ. ಯಾರ ಮನೆಗೆ ಹೋಗಲಿ?